ಗಾಯದಿಂದ ಆಟ ಬಿಟ್ಟವರು ಒಳ್ಳೆಯ ಫುಟ್‌ಬಾಲ್ ಕೋಚ್ ಆಗಬಹುದಾ?

ಮಂಡಿ ಪೆಟ್ಟಿನಿಂದ 26ಕ್ಕೇ ಆಟ ನಿಂತಿದೆ, ದೊಡ್ಡ ಕ್ಲಬ್ಬಿಗೆ ಆಡಿಲ್ಲ, ಈಗ ಕೋಚಿಂಗ್‌ಗೆ ಇಳಿದರೆ ಹುಡುಗರು ನನ್ನ ಮಾತು ಕೇಳುತ್ತಾರಾ ಅಂತ ಕೇಳಿದ್ದೀರಿ. ನಾನೂ ಬೆಂಗಳೂರಿನ ಕೆಳಗಿನ ಡಿವಿಷನ್‌ನಲ್ಲಿ ಆಡಿ, ಮಂಡಿ ಕೈಕೊಟ್ಟ ಮೇಲೆ ಬಿಟ್ಟವನು. ಈಗ ಶನಿವಾರ, ಭಾನುವಾರ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಆದರೆ ನನ್ನ ಅನುಭವ ತೀರಾ ಸಣ್ಣದು. ಅದಕ್ಕೇ ಗಾಯದಿಂದ ಆಟ ಬಿಟ್ಟು ಭಾರತ ತಂಡದ ಕೋಚ್ ಆಗುವವರೆಗೆ ಬೆಳೆದ ಖಾಲಿದ್ ಜಮೀಲ್ ಅವರ ಬಗ್ಗೆ ಹೇಳುತ್ತೇನೆ.

ಅವರು ಹುಟ್ಟಿದ್ದು 1977ರಲ್ಲಿ, ಕುವೈತ್‌ನಲ್ಲಿ. ಗಲ್ಫ್ ಯುದ್ಧದ ಹೊತ್ತಿಗೆ ಭಾರತಕ್ಕೆ ಬಂದರು. ಮಿಡ್‌ಫೀಲ್ಡರ್ ಆಗಿ ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ ತಂಡಗಳಿಗೆ ಆಡಿದರು. ಭಾರತ ತಂಡಕ್ಕೂ ಆಡಿದರು. ಆದರೆ ಭೂತಿಯಾ, ವಿಜಯನ್ ಹೆಸರು ಗೊತ್ತಿದ್ದ ಹಾಗೆ ಇವರ ಹೆಸರು ಜನಕ್ಕೆ ಗೊತ್ತಿರಲಿಲ್ಲ. 2007ರಲ್ಲಿ ಮುಂಬೈ ಎಫ್‌ಸಿ ಸೇರಿದರು. ಗಾಯ ಬಿಡಲಿಲ್ಲ. 2009ರಲ್ಲಿ ಬೂಟು ಬಿಚ್ಚಿಟ್ಟು ಅದೇ ಕ್ಲಬ್ಬಿನ ಕೋಚ್ ಆದರು. ಆಗ ವಯಸ್ಸು 32.

ಅಲ್ಲಿಂದ ಮುಂದಿನ ಏಳು ವರ್ಷದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಮುಂಬೈ ಎಫ್‌ಸಿ ದುಡ್ಡಿದ್ದ ಕ್ಲಬ್ ಅಲ್ಲ. ಟ್ರೋಫಿಯ ಆಸೆ ಇಟ್ಟುಕೊಳ್ಳುವ ತಂಡವೂ ಅಲ್ಲ. ಆಗ ದೇಶದ ಮೇಲಿನ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಪ್ರತಿ ವರ್ಷ ಕೆಳಗೆ ಬೀಳದೆ ಉಳಿಯುವುದೇ ಕೆಲಸ. ಬರೀ ಡಿಫೆನ್ಸ್ ಆಡಿಸುತ್ತಾರೆ ಅಂತ ಬೈದವರಿದ್ದಾರೆ. ಆದರೆ ಯೋಚಿಸಿ, ಕೈಯಲ್ಲಿರುವ ಹುಡುಗರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದನ್ನು ಅಳೆದು ತೂಗಿ ಆಡಿಸದಿದ್ದರೆ ಅಂಥ ತಂಡ ಏಳು ವರ್ಷ ಉಳಿಯುತ್ತದಾ? ಅವರು 2016ರಲ್ಲಿ ಹೊರಬಂದರು. ಮುಂದಿನ ಸೀಸನ್‌ನಲ್ಲೇ ಮುಂಬೈ ಎಫ್‌ಸಿ ಪಟ್ಟಿಯ ಕೊನೆಯ ಸ್ಥಾನಕ್ಕೆ ಬಂದು ಲೀಗ್‌ನಿಂದ ಹೊರಬಿತ್ತು.

ಅದೇ ಸೀಸನ್, 2016-17. ಖಾಲಿದ್ ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಹೋದರು. ಹಿಂದಿನ ವರ್ಷ ಕೆಳಗೆ ಬಿದ್ದಿದ್ದ ತಂಡ ಅದು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟಿದ್ದರಿಂದ ಮತ್ತೆ ಜಾಗ ಸಿಕ್ಕಿತ್ತು. ನಮ್ಮ ಬೆಂಗಳೂರು ಎಫ್‌ಸಿ ಆಗ ಹಾಲಿ ಚಾಂಪಿಯನ್. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಕೂಡ ಇದ್ದವು. ಐಜ್ವಾಲ್ ಹೆಸರನ್ನು ಯಾರೂ ಎತ್ತಿರಲಿಲ್ಲ. ಖಾಲಿದ್ ತನಗೆ ಚೆನ್ನಾಗಿ ಗೊತ್ತಿದ್ದ ಜಯೇಶ್ ರಾಣೆ, ಆಶುತೋಷ್ ಮೆಹ್ತಾ ಅವರನ್ನು ಮುಂಬೈಯಿಂದ ಕರೆಸಿಕೊಂಡರು. ಸಿರಿಯಾದ ಮಹಮೂದ್ ಅಲ್ ಅಮ್ನಾ ನಡುವಿನಲ್ಲಿ ಆಟ ಕಟ್ಟಿದರು. ಉಳಿದಂತೆ ಊರಿನ ಮಿಜೋ ಹುಡುಗರು.

ಏಪ್ರಿಲ್‌ನಲ್ಲಿ ತವರಿನಲ್ಲಿ ಮೋಹನ್ ಬಾಗಾನ್ ಎದುರು 1-0 ಗೆಲುವು. ಜೋಮಿಂಗ್ಲಿಯಾನಾ ರಾಲ್ಟೆ ತಲೆಯಿಂದ ಹೊಡೆದ ಗೋಲ್ ಅದು. ಕೊನೆಯ ಪಂದ್ಯ ಶಿಲ್ಲಾಂಗ್‌ನಲ್ಲಿ, ಏಪ್ರಿಲ್ 30ಕ್ಕೆ. ಡ್ರಾ ಆದರೂ ಸಾಕಿತ್ತು. ಶುರುವಿನಲ್ಲೇ ಗೋಲ್ ಬಿಟ್ಟುಕೊಟ್ಟರು. ಆಮೇಲೆ ವಿಲಿಯಂ ಲಾಲ್‌ನುನ್‌ಫೆಲಾ ಸಮ ಮಾಡಿದರು. 1-1. ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಐಜ್ವಾಲ್ ಚಾಂಪಿಯನ್! ಈಶಾನ್ಯದ ಕ್ಲಬ್ ಒಂದು ದೇಶದ ಲೀಗ್ ಗೆದ್ದಿದ್ದು ಅದೇ ಮೊದಲು. ಅವತ್ತು ನಾನು ನಮ್ಮ ಬೆಂಗಳೂರು ಎಫ್‌ಸಿ ಪಟ್ಟ ಕಳೆದುಕೊಂಡ ಬೇಜಾರನ್ನೂ ಮರೆತು ಕುಣಿದಿದ್ದೆ.

ಇಷ್ಟಾದ ಮೇಲೂ ದೇಶದ ಇನ್ನೊಂದು ದೊಡ್ಡ ಲೀಗ್ ಆದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಭಾರತೀಯ ಕೋಚ್ ಅಂದರೆ ಸಹಾಯಕ ಅಷ್ಟೇ ಅನ್ನುವ ಕಾಲ ಮುಂದುವರಿಯಿತು. 2021ರ ಜನವರಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಸೀಸನ್ ಮಧ್ಯದಲ್ಲಿ ತಂಡವನ್ನು ಇವರ ಕೈಗೆ ತಾತ್ಕಾಲಿಕವಾಗಿ ಕೊಟ್ಟಿತು. ಲೀಗ್ ಹಂತದಲ್ಲಿ ಒಂದೂ ಪಂದ್ಯ ಸೋಲದೆ ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಅದಾದ ಮೇಲೆ ಐಎಸ್‌ಎಲ್‌ನ ಮೊದಲ ಪೂರ್ಣಾವಧಿ ಭಾರತೀಯ ಮುಖ್ಯ ಕೋಚ್ ಆದರು. ಮುಂದೆ ಜಮ್‌ಶೆಡ್‌ಪುರ ಎಫ್‌ಸಿ. 2025ರ ಆಗಸ್ಟ್‌ನಲ್ಲಿ ಭಾರತ ತಂಡ.

ಮೊದಲ ಕ್ಯಾಂಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿಂದ ತಜಿಕಿಸ್ತಾನಕ್ಕೆ ಹೋಗಿ ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆಯ ಟೂರ್ನಿಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಪಡೆದರು. ಕೊನೆಯ ಪೆನಾಲ್ಟಿ ತಡೆದದ್ದು ಗೋಲ್‌ಕೀಪರ್ ಗುರ್‌ಪ್ರೀತ್. ಆದರೆ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರಕ್ಕೆ 2-1ರಿಂದ ಸೋತು ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಕನಸು ಹೋಯಿತು. ತುಂಬಾ ನೋವಾಯಿತು. ಇವರೊಬ್ಬರನ್ನೇ ದೂರುವುದು ತಪ್ಪು. ಇವರು ಬರುವ ಹೊತ್ತಿಗೆ ಅರ್ಹತಾ ಗುಂಪಿನಲ್ಲಿ ಭಾರತ ಆಗಲೇ ಹಿಂದೆ ಬಿದ್ದಿತ್ತು. ಆದರೂ ಅವತ್ತು ಒಂದು ಗೋಲ್ ಮುಂದಿದ್ದು ಆಮೇಲೆ ಸೋತದ್ದು ನಿಜ. ಕೋಚ್ ಅಂದಮೇಲೆ ಅದಕ್ಕೂ ತಲೆ ಕೊಡಬೇಕು, ಅಲ್ವಾ?

ಇನ್ನು ನಿಮ್ಮ ವಿಷಯ. ಕೋಚಿಂಗ್ ಲೈಸೆನ್ಸ್ ಮೆಟ್ಟಿಲು ಕೆಳಗಿನಿಂದ ಡಿ, ಸಿ, ಬಿ, ಎ, ಆಮೇಲೆ ಪ್ರೊ. ಖಾಲಿದ್ ಪ್ರೊ ತನಕ ಹತ್ತಿದವರು. ಡಿಗೆ ದೊಡ್ಡ ಕ್ಲಬ್ಬಿನಲ್ಲಿ ಆಡಿರಬೇಕು ಅಂತೇನಿಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಮುಂದಿನ ಕೋರ್ಸ್ ಯಾವಾಗ ಅಂತ ವಿಚಾರಿಸಿ. ಅಲ್ಲಿಯವರೆಗೆ ಸುಮ್ನೆ ಮನೆಯಲ್ಲಿ ಕೂರಬೇಡಿ. ಹತ್ತಿರದ ಮೈದಾನದಲ್ಲಿ ಮಕ್ಕಳ ಮ್ಯಾಚ್ ಇದ್ದರೆ ಗೋಲ್‌ಪೋಸ್ಟ್ ಹಿಂದೆ ನಿಂತು ನೋಡಿ. ಚೆಂಡನ್ನಲ್ಲ, ಚೆಂಡು ಇಲ್ಲದ ಹುಡುಗರನ್ನು ನೋಡಿ. ಯಾರು ಯಾವಾಗ ಎಲ್ಲಿಗೆ ಓಡಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡು ತಿಂಗಳಾದ ಮೇಲೆ ಇಲ್ಲೇ ಬಂದು ಹೇಳಿ, ಏನು ಕಂಡಿತು ಅಂತ. ನಾನು ಕಾಯುತ್ತಿರುತ್ತೇನೆ.