ಟ್ಯಾಂಕ್ ತಂದ ಮರುದಿನವೇ ಮೀನು ಬಿಡಬೇಡಿ

ಪ್ರಶ್ನೆ: ಎರಡು ಅಡಿ ಟ್ಯಾಂಕಿಗೆ ಗಿಡ ನೆಟ್ಟು, ಫಿಲ್ಟರ್ ಹಾಕಿ, ಮರುದಿನ ಹತ್ತು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ, ಎರಡು ಏಂಜೆಲ್ ಬಿಟ್ಟೆ. ನಾಲ್ಕನೇ ದಿನದಿಂದ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ, ಆರು ಸತ್ತಿವೆ. ನೀರು ಹಾಲು ಬೆರೆಸಿದಂತಿದೆ. ಅಂಗಡಿಯವರು ನೀಲಿ ಔಷಧಿ, ಕಲ್ಲುಪ್ಪು ಹಾಕಲು ಹೇಳಿದ್ದಾರೆ. ಇದು ಯಾವ ರೋಗ? (ಬೆಂಗಳೂರು)

ಉತ್ತರ: ಇದು ರೋಗವಲ್ಲ, ಅಮೋನಿಯಾ ವಿಷ. ಪ್ರತಿ ತಿಂಗಳೂ ಊರು, ಮೀನು ಬೇರೆಯಾಗಿ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಮೀನು ಕಿವಿರಿನಿಂದ ಹಗಲೂ ರಾತ್ರಿ ಅಮೋನಿಯಾ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಫಿಲ್ಟರಿಗೆ ಒಂದೇ ದಿನ ವಯಸ್ಸಾಗಿತ್ತು.

ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಹೆಚ್ಚಿದ್ದರೆ ಅಪಾಯವೂ ಹೆಚ್ಚು. 27 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕೂ ಕಡಿಮೆ ಭಾಗ ವಿಷ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು ಶೇ 6. ಬೋರ್‌ವೆಲ್ ನೀರಿನವರ ಮೀನು ಬೇಗ ಸಾಯುವುದಕ್ಕೆ ಇದೂ ಒಂದು ಕಾರಣ.

ಈಗ ತಕ್ಷಣ ಮಾಡಬೇಕಾದದ್ದು: ಅರ್ಧ ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿರುವ ನೀರು ತುಂಬಿ. ನಾಳೆಯೂ, ನಾಳಿದ್ದೂ ಹೀಗೆಯೇ. ಎರಡು ದಿನ ಆಹಾರ ಹಾಕಬೇಡಿ, ಮೀನು ಹಸಿವಿನಿಂದ ಸಾಯುವುದಿಲ್ಲ. ಕ್ಲೋರಿನ್ ಕಳೆಯಲು 10 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಡಿ, 20 ಲೀಟರ್ ನಲ್ಲಿ ನೀರಿಗೆ 1 ಮಿ.ಲೀ. ಸಾಕು. ಹಾಲಿನಂಥ ಬಿಳುಪು ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಗೇ ಹೆಚ್ಚಿದ್ದರಿಂದ ಬಂದದ್ದು. ಅದರ ತಂಟೆಗೆ ಹೋಗಬೇಡಿ, ಕೆಲವೇ ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ.

ನೀಲಿ ಔಷಧಿ ಎಂದರೆ ಮೆಥಿಲೀನ್ ಬ್ಲೂ. ನೀವು ಬೆಳೆಸಬೇಕಾದ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲುತ್ತದೆ, ಗಿಡಕ್ಕೂ ಕೆಟ್ಟದ್ದು, ಗಾಜಿನ ಮೂಲೆಯ ಸಿಲಿಕಾನ್ ಅಂಟು ನೀಲಿಯಾದರೆ ಮತ್ತೆ ಬೆಳ್ಳಗಾಗುವುದಿಲ್ಲ. ಉಪ್ಪು ನೈಟ್ರೈಟ್ ವಿಷವನ್ನು ಒಂದಿಷ್ಟು ತಡೆಯುತ್ತದೆ ನಿಜ, ಅಮೋನಿಯಾಕ್ಕೆ ಮದ್ದಲ್ಲ. ಮುಷ್ಟಿಗಟ್ಟಲೆ ಸುರಿದರೆ ಗಿಡ ಬಾಡುತ್ತದೆ. ಪರೀಕ್ಷೆಯನ್ನೇ ಮಾಡದೆ ಔಷಧಿ ಮಾರುವುದು ತಪ್ಪು. ಮೀನು ಸತ್ತಷ್ಟೂ ಹೊಸ ಮೀನು ಕೊಳ್ಳುವವರು ನೀವು ಎಂಬುದನ್ನು ಮರೆಯಬೇಡಿ.

ಸರಿಯಾದ ಕ್ರಮ ಇದು, ಮೀನು ಬಿಡುವ ಮೊದಲು ಖಾಲಿ ಟ್ಯಾಂಕಿನಲ್ಲಿ ಮಾಡುವಂಥದ್ದು. ಕಲ್ಲು, ಮರಳು, ಗಿಡ ಎಲ್ಲ ಸೇರಿ ನಿಮ್ಮ ಟ್ಯಾಂಕಿನಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಫಿಲ್ಟರ್ ದಿನವಿಡೀ ಓಡಲಿ, ದೀಪ ಆರು ಗಂಟೆ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ರಾಸಾಯನಿಕ ಅಂಗಡಿಯಿಂದ ಶುದ್ಧ ಅಮೋನಿಯಂ ಕ್ಲೋರೈಡ್ ತನ್ನಿ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ, ಆದರೆ ಅದರ ಶುದ್ಧತೆಗೆ ಭರವಸೆಯಿಲ್ಲ, ಬೇಡ. 3 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಿಂದ 10 ಮಿ.ಲೀ. ಅನ್ನು ಸಿರಿಂಜಿನಲ್ಲಿ ಅಳೆದು ಟ್ಯಾಂಕಿಗೆ ಹಾಕಿ. ಅಮೋನಿಯಾ ಲೀಟರಿಗೆ ಸುಮಾರು 2 ಮಿ.ಗ್ರಾಂ ಆಗುತ್ತದೆ.

ಎರಡು ದಿನಕ್ಕೊಮ್ಮೆ ಹನಿ ಹಾಕುವ ಕಿಟ್‌ನಲ್ಲಿ ಪರೀಕ್ಷಿಸಿ, ಪಟ್ಟಿಗಳು ಬೇಡ. ಸಾಮಾನ್ಯ ಕಿಟ್‌ಗಳಲ್ಲಿ ಅಮೋನಿಯಾ ಇದ್ದರೆ ಕೊಳವೆ ಹಸಿರು, ಇಲ್ಲದಿದ್ದರೆ ಹಳದಿ. ಕೊಳವೆಯನ್ನು ಬಿಳಿ ಹಾಳೆಗೆ ತಾಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಹಳದಿಗೂ ತಿಳಿಹಸಿರಿಗೂ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಮೊದಲು ಅಮೋನಿಯಾ ಇಳಿಯುತ್ತದೆ, ಬೆನ್ನಿಗೇ ನೈಟ್ರೈಟ್ ಏರುತ್ತದೆ. ಬಹಳ ಮಂದಿ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ 10 ಮಿ.ಲೀ. ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಟ್ಯಾಂಕ್ ಸಿದ್ಧ. ಮುಕ್ಕಾಲು ನೀರು ಬದಲಿಸಿ, ಆಮೇಲೆ ಮೀನು ತನ್ನಿ.

ಮಲೆನಾಡು, ಕರಾವಳಿಯ ಬಾವಿ ನೀರಿನವರಿಗೆ ಒಂದು ಮಾತು. ಜಂಬಿಟ್ಟಿಗೆ ನೆಲದ ಮೆದು ನೀರಿನಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುವುದುಂಟು, ಏಕೆಂದರೆ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನು ಬಳಸಿ ಮುಗಿಸುತ್ತಾ ಹೋಗುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದಿದ್ದರೆ 50 ಲೀಟರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ. ಇದು ಮೀನಿಲ್ಲದ ಟ್ಯಾಂಕಿಗೆ ಮಾತ್ರ.

ಪರಿಚಯದವರ ಹಳೆಯ, ರೋಗವಿಲ್ಲದ ಟ್ಯಾಂಕಿನ ಸ್ಪಂಜನ್ನು ನಿಮ್ಮ ನೀರಿನಲ್ಲಿ ಹಿಂಡಿದರೆ ಎಷ್ಟೋ ದಿನ ಉಳಿಯುತ್ತದೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಹಾಕಿದರೂ ಸರಿಯೇ, ಮೀನು ಬಿಡುವುದನ್ನು ಮಾತ್ರ ಕೊಳವೆಯ ಬಣ್ಣ ನೋಡಿಯೇ ನಿರ್ಧರಿಸಿ.

ನಿಮ್ಮ ಆಯ್ಕೆಯೂ ತಪ್ಪು. ಏಂಜೆಲ್ ದೊಡ್ಡದಾದ ಮೇಲೆ ನಿಯಾನನ್ನು ನುಂಗುತ್ತದೆ, ಎರಡು ಅಡಿ ಟ್ಯಾಂಕ್ ಅದಕ್ಕೆ ಸಾಲದು. ಗಡಸು ನೀರಿಗೆ ಗಪ್ಪಿ, ಪ್ಲಾಟಿ. ಹದವಾದ ನೀರಾದರೆ ಮೊದಲು ಆರು ಜೀಬ್ರಾ ಡ್ಯಾನಿಯೊ, ಎರಡು ವಾರ ಪರೀಕ್ಷೆ ಸೊನ್ನೆಯಲ್ಲೇ ನಿಂತರೆ ಆರು ಚೆರ್ರಿ ಬಾರ್ಬ್, ಆಮೇಲೆ ಒಂದು ಜೋಡಿ ಹನಿ ಗೌರಾಮಿ. ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಪ್ರತಿ ಭಾನುವಾರ ಟ್ಯಾಂಕ್ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ನಲ್ಲಿಯಲ್ಲಿ ತಿಕ್ಕಿ ತೊಳೆಯುತ್ತೇನೆ. ಆದರೂ ಮೀನು ಸಾಯುತ್ತಿವೆ. (ಹುಬ್ಬಳ್ಳಿ)

ಉತ್ತರ: ತೊಳೆಯುವುದರಿಂದಲೇ ಸಾಯುತ್ತಿವೆ. ನಲ್ಲಿಯ ಕ್ಲೋರಿನ್ ನಿಮ್ಮ ಬ್ಯಾಕ್ಟೀರಿಯಾವನ್ನು ವಾರವಾರ ಕೊಲ್ಲುತ್ತಿದೆ. ವಾರಕ್ಕೆ ಶೇ 30 ನೀರು ಬದಲಿಸಿ. ಹರಿವು ಕಡಿಮೆಯಾದಾಗ ಮಾತ್ರ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಸ್ಪಂಜನ್ನು ನಾಲ್ಕು ಸಲ ಹಿಂಡಿ. ಅದು ಹೊಸದರಂತೆ ಕಾಣಬೇಕಿಲ್ಲ.

ಪ್ರಶ್ನೆ: ನೆಟ್ಟ ವಾರಕ್ಕೇ ಕ್ರಿಪ್ಟೊಕೊರಿನ್ ಎಲೆಗಳು ಕರಗಿ ಲೋಳೆಯಾದವು. ಅನೂಬಿಯಸ್ ಬುಡವೂ ಕೊಳೆಯುತ್ತಿದೆ.

ಉತ್ತರ: ಕ್ರಿಪ್ಟೊಕೊರಿನ್ ಜಾಗ ಬದಲಾದಾಗಲೆಲ್ಲ ಹೀಗೆ ಮಾಡುತ್ತದೆ. ಕರಗಿದ ಎಲೆ ಕತ್ತರಿಸಿ, ಬೇರು ಕೀಳಬೇಡಿ, ಹೊಸ ಎಲೆ ಬರುತ್ತದೆ. ಅನೂಬಿಯಸ್‌ನ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತಿದ್ದೀರಿ, ಅದಕ್ಕೇ ಕೊಳೆತಿದೆ. ಕೊಳೆತ ಭಾಗ ತೆಗೆದು, ಉಳಿದದ್ದನ್ನು ದಾರದಿಂದ ಕಲ್ಲಿಗೆ ಕಟ್ಟಿ.

ಪ್ರಶ್ನೆ: ಪೂರ್ತಿ ಆರ್‌ಒ ನೀರು ಹಾಕಬಹುದೇ?

ಉತ್ತರ: ಬೇಡ, ಖನಿಜವೇ ಇರುವುದಿಲ್ಲ, ಗಡಸು ಬೋರ್‌ವೆಲ್ ನೀರಿಗೆ ಅರ್ಧದಷ್ಟು ಬೆರೆಸಿ.

ಪ್ರಶ್ನೆ: ವಾಸ್ತು ಪ್ರಕಾರ ಎಷ್ಟು ಮೀನು, ಯಾವ ಬಣ್ಣ?

ಉತ್ತರ: ಮೀನಿನ ಲೆಕ್ಕ ಹೇಳುವುದು ನೀರು, ಫಿಲ್ಟರ್. ಇನ್ನು ಮುಂದೆ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಪ್ರಶ್ನೆ: ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಒಂದು ಅಡಿಯಾಗಿದೆ, ಗಿಡ ಕೀಳುತ್ತಿದೆ. ಹತ್ತಿರದ ಕೆರೆಗೆ ಬಿಡಲೇ?

ಉತ್ತರ: ಖಂಡಿತ ಬಿಡಬೇಡಿ. ಇದು ದಕ್ಷಿಣ ಅಮೆರಿಕದ ಮೀನು. ಹೀಗೆ ಬಿಟ್ಟವು ಕೇರಳ, ಆಂಧ್ರದ ನೀರುಗಳಲ್ಲಿ ಸಂತಾನ ಬೆಳೆಸಿ, ಮೀನುಗಾರರ ಬಲೆ ಹರಿಯುತ್ತಿವೆ. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ, ಇಲ್ಲವೇ ಅಂಗಡಿಗೇ ಹಿಂತಿರುಗಿಸಿ. ಪಾಚಿ ಕಡಿಮೆಯಾಗಲು ದೀಪವನ್ನು ದಿನಕ್ಕೆ ಆರು ಗಂಟೆ ಮಾತ್ರ ಉರಿಸಿ, ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳದಂತೆ ನೋಡಿಕೊಳ್ಳಿ.