ಗುಲಾಬಿ ಹುಳುವಿಗೆ ಬಿಟಿ ರೂಢಿಯಾಯಿತೇ?

ಮಾನ್ವಿ ತಾಲ್ಲೂಕಿನ ಹತ್ತಿ ಬೆಳೆಗಾರರೊಬ್ಬರ ಪತ್ರ: "ಮೊದಮೊದಲು ಬಿಟಿ ಹತ್ತಿಯ ಹತ್ತಿರ ಹುಳು ಸುಳಿಯುತ್ತಿರಲಿಲ್ಲ. ಈಗ ಕಾಯಿ ಬಿಡಿಸಿದರೆ ಗುಲಾಬಿ ಹುಳು. ವಿಷ ತಿಂದೂ ತಿಂದೂ ಅದಕ್ಕೆ ರೂಢಿಯಾಗಿದೆ ಎನ್ನುತ್ತಾರೆ. ಒಂದೆರಡು ವರ್ಷ ಬಿಟಿ ಬಿಟ್ಟರೆ ರೂಢಿ ತಪ್ಪುತ್ತದೆಯೇ? ಬೀಜದ ಜೊತೆ ಬರುತ್ತಿದ್ದ ಸಣ್ಣ ಪೊಟ್ಟಣ ಬಿತ್ತದೇ ಇದ್ದದ್ದು ತಪ್ಪಾಯಿತೇ?"

ಸಂಪಾದಕರ ಉತ್ತರ:

ನಮಸ್ಕಾರ. ಬಿಟಿ ಹತ್ತಿ ಎಂದರೆ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿ, ಹುಳು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿ. ಮೊದಲು 'ರೂಢಿ' ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಯಾವ ಹುಳುವೂ ಬಿಟಿ ವಿಷವನ್ನು ತಿಂದು ಅಭ್ಯಾಸ ಮಾಡಿಕೊಳ್ಳುವುದಿಲ್ಲ. ತಿಂದದ್ದು ಸಾಯುತ್ತದೆ, ಇಲ್ಲವೇ ತಾಳುವ ಗುಣವನ್ನು ಹುಟ್ಟುತ್ತಲೇ ಪಡೆದಿದ್ದರಿಂದ ಬದುಕುತ್ತದೆ. ಬದಲಾದದ್ದು ಹುಳುವಲ್ಲ, ಹುಳುಗಳ ಸಂತತಿ. ಅದನ್ನೇ ನಿಸರ್ಗದ ಆಯ್ಕೆ ಎನ್ನುವುದು.

ಮೊದಲು ಬಂದ ಬಿಟಿ ಹತ್ತಿಯ ಪ್ರೋಟೀನು ಮರಿಹುಳುವಿನ ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡ ಮೇಲೆಯೇ ಗೋಡೆಯನ್ನು ತೂತು ಮಾಡುವುದು. ಕ್ಯಾಡ್‌ಹೆರಿನ್ ವಂಶವಾಹಿ ಕೆಟ್ಟಿದ್ದರೆ ವಿಷಕ್ಕೆ ಹಿಡಿತ ಸಿಗದು. ಇಂಥ ಕೆಟ್ಟ ಪ್ರತಿ ಅಪರೂಪಕ್ಕೆ ಆಕಸ್ಮಿಕವಾಗಿ ಹುಟ್ಟುತ್ತಿರುತ್ತದೆ; ಬಿಟಿ ಇಲ್ಲದ ಹೊಲದಲ್ಲಿ ಅದರಿಂದ ಲಾಭವಿಲ್ಲ. ಬಿಟಿ ಹೊಲದಲ್ಲೂ, ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಹುಳು ಚೆನ್ನಾಗಿ ತಾಳಿಕೊಳ್ಳುತ್ತದೆ.

ನಿಮ್ಮ ಪೊಟ್ಟಣದ ಲೆಕ್ಕ ಇಲ್ಲಿಂದ ಶುರು. ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟಿದೆ ಎಂದಿಟ್ಟುಕೊಳ್ಳಿ. ಎರಡೂ ಕೆಟ್ಟ ಹುಳು ಹತ್ತು ಲಕ್ಷಕ್ಕೆ ಒಂದು. ಊರಿಡೀ ಬಿಟಿಯೇ ಇದ್ದರೆ ಉಳಿಯುವುದು ಅಂಥವು ಮಾತ್ರ. ಅವು ತಮ್ಮತಮ್ಮಲ್ಲೇ ಕೂಡುತ್ತವೆ, ಮರಿಗಳೆಲ್ಲ ತಾಳುವವೇ. ಪಕ್ಕದಲ್ಲಿ ಬಿಟಿಯಲ್ಲದ ಹತ್ತಿ ಇದ್ದರೆ ಅಲ್ಲಿಂದ ಸಾಮಾನ್ಯ ಪತಂಗಗಳು ನೂರಾರು ಹಾರಿಬರುತ್ತವೆ. ಉಳಿದ ಒಂದು ಕೂಡುವುದು ಅವುಗಳ ಜೊತೆಗೆ. ಮರಿಗೆ ಸಿಗುವುದು ಒಂದೇ ಕೆಟ್ಟ ಪ್ರತಿ, ಬಿಟಿ ತಿಂದರೆ ಅದು ಸಾಯುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜ ಕೊಟ್ಟು, ಹೊಲದ ಸುತ್ತ ಐದು ಸಾಲು ಅಥವಾ ಶೇ 20ರಷ್ಟು ಜಾಗದಲ್ಲಿ ಬಿತ್ತಿ ಎಂದದ್ದು ಇದಕ್ಕೇ. ಇದನ್ನೇ ಆಶ್ರಯ ಬೆಳೆ ಎನ್ನುವುದು. ಹುಳು ತಿನ್ನಲೆಂದೇ ಬಿತ್ತುವ ಸಾಲು ಯಾರಿಗೂ ನಷ್ಟವಾಗಿಯೇ ಕಾಣುತ್ತದೆ. ಬಹಳ ಮಂದಿ ಬಿತ್ತಲಿಲ್ಲ. ತಪ್ಪಾದದ್ದು ನಿಜ, ಆದರೆ ಅದು ನಿಮ್ಮೊಬ್ಬರದಲ್ಲ.

ನಮ್ಮಲ್ಲಿ ಬೇರೆ ತೊಡಕೂ ಇತ್ತು. ಇಲ್ಲಿನ ಬಿಟಿ ಹತ್ತಿ ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿದ್ದು. ಬಿಟಿ ವಂಶವಾಹಿ ಒಂದು ಪ್ರತಿಯಷ್ಟೇ ಇರುವುದರಿಂದ ಕಾಯಿಯೊಳಗಿನ ಬೀಜಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಆ ವಿಷ ಇರುವುದಿಲ್ಲ. ಗುಲಾಬಿ ಹುಳು ತಿನ್ನುವುದು ಬೀಜವನ್ನೇ. ವಿಷವಿಲ್ಲದ ಬೀಜದಲ್ಲಿ ಬಲಿತು ವಿಷದ ಬೀಜಕ್ಕೆ ಬಂದರೆ, ಸಾಯಬೇಕಾದ ಒಂದು ಪ್ರತಿಯ ಹುಳುವೂ ಉಳಿಯಬಹುದು. ಆಗ ಮೇಲಿನ ಲೆಕ್ಕವೇ ಕೆಡುತ್ತದೆ. 2002ರಲ್ಲಿ ಒಂದು ವಂಶವಾಹಿಯ ಬಿಟಿ ಬಂತು, 2006ರಲ್ಲಿ ಎರಡರದು. 2010ರಲ್ಲಿ ಗುಜರಾತಿನ ಹುಳು ಮೊದಲನೆಯದನ್ನು ಗೆದ್ದದ್ದು ಬಹಿರಂಗವಾಯಿತು. ಒಂದು ಬೀಗ ತೆರೆದುಕೊಂಡ ಮೇಲೆ ಎರಡನೆಯದೊಂದೇ ಬಾಗಿಲು ಕಾಯಬೇಕಾಯಿತು. ಅದೂ ಹೆಚ್ಚು ಕಾಲ ತಡೆಯಲಿಲ್ಲ.

ಹಸಿರು ಕಾಯಿಕೊರಕ ಯಾಕೆ ಹೀಗೆ ಮಾಡಲಿಲ್ಲ ಎಂಬುದನ್ನು ಗಮನಿಸಿ. ಅದು ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ. ರಾಯಚೂರಿನ ತೊಗರಿ ಹೊಲಗಳೇ ಅದಕ್ಕೆ ಪುಕ್ಕಟೆ ಆಶ್ರಯ ಬೆಳೆ. ಗುಲಾಬಿ ಹುಳುವಿಗೆ ಹೆಚ್ಚುಕಡಿಮೆ ಹತ್ತಿಯೊಂದೇ ಗತಿ. ಅಮೆರಿಕದ ಅರಿಜೋನಾದಲ್ಲಿ ರೈತರು ಆಶ್ರಯ ಸಾಲನ್ನು ಕಟ್ಟುನಿಟ್ಟಾಗಿ ಬಿತ್ತಿದರು. 1996ರಿಂದ ಹತ್ತು ವರ್ಷ ಹುಳು ಬಿಟಿಗೆ ಸಾಯುತ್ತಲೇ ಇತ್ತು. ಮುಂದೆ ಬಂಜೆ ಮಾಡಿದ ಪತಂಗಗಳನ್ನು ವಿಮಾನದಿಂದ ಬಿಟ್ಟು, 2018ರಲ್ಲಿ ಆ ದೇಶದ ಹತ್ತಿ ಸೀಮೆಯಿಂದಲೇ ಈ ಹುಳು ತೊಲಗಿತೆಂದು ಘೋಷಿಸಿದರು. ಅದೇ ಜಾತಿಯ ಹುಳು, ಅದೇ ವಿಷ.

ಬಿಟಿ ಬಿಟ್ಟರೆ ಹುಳು ಮರೆಯುವುದೇ? ಮರೆಯಲು ಅದು ಕಲಿತೇ ಇಲ್ಲ. ವಿಷವಿಲ್ಲದ ಕಡೆ ತಾಳುವ ಹುಳು ತುಸು ಸೊರಗಿದ್ದರೆ ಅದರ ಪಾಲು ನಿಧಾನವಾಗಿ ಇಳಿಯಬಹುದು. ಆದರೆ ನೀವೊಬ್ಬರೇ ಬಿಟ್ಟರೆ ಪಕ್ಕದ ಹೊಲದ ಪತಂಗ ರಾತ್ರಿ ಬಂದು ಮೊಟ್ಟೆ ಇಡುತ್ತದೆ.

ಸದ್ಯಕ್ಕೆ ಕೈಯಲ್ಲಿರುವುದು ಹುಳುವಿನ ಸರಪಣಿ ತುಂಡರಿಸುವ ಕೆಲಸ. ಹತ್ತಿಯೊಂದೇ ಗತಿ ಎಂಬುದು ಇಲ್ಲಿ ನಮ್ಮ ಬಲ: ಹತ್ತಿ ಇಲ್ಲದ ತಿಂಗಳುಗಳನ್ನು ಅದು ಕಾಯಿ, ಕಟ್ಟಿಗೆ, ಬೀಜದೊಳಗೆ ನಿದ್ರಿಸಿಯೇ ಕಳೆಯಬೇಕು. ಡಿಸೆಂಬರ್ ಮುಗಿಯುವ ಹೊತ್ತಿಗೆ ಬೆಳೆ ಮುಗಿಸಿ. ನೀರಿದೆ ಎಂದು ಇನ್ನೊಂದು ಫಸಲಿಗೆ ಆಸೆಪಟ್ಟರೆ ಅತಿ ಹೆಚ್ಚು ಹುಳು ಸಾಕುವುದು ಆ ಕೊನೆಯ ಕಾಯಿಗಳೇ. ಕೊನೆಯ ಬಿಡಿಸುವಿಕೆ ಆದೊಡನೆ ಕುರಿ ಮೇಯಿಸಿ, ಕಟ್ಟಿಗೆ ಕಿತ್ತು ಪುಡಿ ಮಾಡಿ. ಬಣವೆ ಒಟ್ಟಿ ಹೊಲದ ಬದಿಗೆ ಇಟ್ಟುಕೊಂಡರೆ ಮುಂದಿನ ಮುಂಗಾರಿಗೆ ಪತಂಗ ಅಲ್ಲಿಂದಲೇ ಏಳುತ್ತದೆ.

ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ, ಗಿಡದ ತುದಿಗಿಂತ ಒಂದಡಿ ಮೇಲಿರಲಿ, ಗಿಡ ಬೆಳೆದಂತೆ ಏರಿಸಿ. ಬಲೆಯೊಳಗೆ ಇಡುವ ವಾಸನೆಯ ಬಿಲ್ಲೆ, ಅಂದರೆ ಲ್ಯೂರ್, ಗುಲಾಬಿ ಹುಳುವಿನದೇ ಎಂದು ನೋಡಿ ಕೊಳ್ಳಿ. ಹಸಿರು ಹುಳುವಿನ ಲ್ಯೂರ್‌ಗೆ ಇದು ಬಾರದು. ಸತತ ಮೂರು ರಾತ್ರಿ, ಪ್ರತಿ ರಾತ್ರಿ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಎಚ್ಚರ. ಎಕರೆಗೆ 20 ಹಸಿರು ಕಾಯಿ ಕಿತ್ತು ಬಿಡಿಸಿ ನೋಡಿ, ಎರಡರಲ್ಲಿ ಜೀವಂತ ಹುಳು ಇದ್ದರೆ ಸಿಂಪರಣೆಗೆ ಕಾಲ ಬಂತು. ಹೊರಗಿನಿಂದ ಕಾಯಿ ನೋಡಿ ನಂಬಬೇಡಿ, ಹುಳು ಒಳಹೊಕ್ಕ ತೂತು ಮುಚ್ಚಿಹೋಗಿರುತ್ತದೆ. ಅರಳದೆ ಗುಲಾಬಿಯಂತೆ ಮುದುಡಿದ ಹೂ ಕಂಡರೆ ಆಗಲೇ ಕಿತ್ತು ನಾಶ ಮಾಡಿ.

ಎಣ್ಣೆ (ಕೀಟನಾಶಕ) ಹೊಡೆಯುವಾಗಲೂ ಅದೇ ಆಯ್ಕೆ ನಡೆಯುತ್ತದೆ. ಸೈಪರ್‌ಮೆಥ್ರಿನ್ ಬಿಟ್ಟು ಫೆನ್ವಲರೇಟ್, ಅದು ಬಿಟ್ಟು ಲ್ಯಾಮ್‌ಡಾ ಸೈಹಲೋಥ್ರಿನ್ ಹೊಡೆದರೆ ಡಬ್ಬಿ ಬದಲಾಯಿತೇ ಹೊರತು ವಿಷ ಬದಲಾಗಲಿಲ್ಲ. ಮೂರೂ ಒಂದೇ ಗುಂಪು, ನರದ ಒಂದೇ ಜಾಗಕ್ಕೆ ಹೊಡೆತ. ಮೊದಲ ಸಿಂಪರಣೆಗೆ ಕ್ವಿನಾಲ್‌ಫಾಸ್ ಅಥವಾ ಪ್ರೊಫೆನೊಫಾಸ್ ಬಳಸಿದ್ದರೆ ಮುಂದಿನದು ಬೇರೆ ಗುಂಪಿನದಿರಲಿ. ಸೈಪರ್‌ಮೆಥ್ರಿನ್ ಗುಂಪನ್ನು ಬೆಳೆಯ ಕೊನೆಯ ಹಂತಕ್ಕೆ ಉಳಿಸಿಕೊಳ್ಳಿ. ಬೇಗ ಹೊಡೆದರೆ ಬಿಳಿನೊಣ ಏಳುತ್ತದೆ. ಅಂಗಡಿಗೆ ಹೋಗುವಾಗ ಹಿಂದಿನ ಡಬ್ಬಿ ಕೈಯಲ್ಲಿರಲಿ, ಅದರ ಮೇಲಿನ ಔಷಧಿಯ ಹೆಸರು ತೋರಿಸಿ ಬೇರೆ ಗುಂಪಿನದನ್ನೇ ಕೇಳಿ.