ಆಪ್ತಸಲಹೆ ಪ್ರಕರಣ: ಹತ್ತು ರಾಡೋ, ಹನ್ನೊಂದೋ?

ವಯಸ್ಸು 23, ಊರು ಆಳಂದ ತಾಲ್ಲೂಕು, ಸಿವಿಲ್ ಬಿ.ಇ., ಪ್ರಥಮ ದರ್ಜೆ. (ಗುರುತು ಹತ್ತುವ ವಿವರ ಬದಲಿಸಿದೆ.) ಕಲಬುರಗಿ ಹೊರವಲಯದ ಸೈಟಿನಲ್ಲಿ ಎರಡು ತಿಂಗಳ ಕೆಲಸ, ಬಿಡಬೇಕೆಂದು ಬಂದಿದ್ದರು. ಜೊತೆಗಿದ್ದ ತಂದೆ ತೊಗರಿ ರೈತರು. "ನೌಕರಿ ಬಿಟ್ಟು ಎಇ ಪರೀಕ್ಷಾಕ್ಕ ಕೂಡ್ಲಿರಿ, ಹೆಂಗೂ 371ಜೆ ಅದ" ಎಂದರು. (ಎಇ ಎಂದರೆ ಸಹಾಯಕ ಎಂಜಿನಿಯರ್ ಹುದ್ದೆ; 371ಜೆ ಎಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ.)

ಬಿಡಲು ಕಾರಣ ಒಂದು ಫುಟಿಂಗ್, ಅಂದರೆ ಕಂಬದಡಿಯ ಕಾಂಕ್ರೀಟ್ ಪಾದ. ಒಂದೂವರೆ ಮೀಟರ್ ಚೌಕ, ಎರಡೂ ದಿಕ್ಕಿಗೆ 12 ಎಂಎಂ ರಾಡ್, 150 ಎಂಎಂ ಅಂತರ. ಎಷ್ಟು ಕಟ್ ಮಾಡಲಿ ಎಂದು ಬಾರ್ ಬೆಂಡರ್ (ರಾಡ್ ಕತ್ತರಿಸಿ ಬಗ್ಗಿಸುವವನು) ಕೇಳಿದ. ಇವರು 1500ನ್ನು 150ರಿಂದ ಭಾಗಿಸಿ ಹತ್ತು ಎಂದರು. "ಹನ್ನೊಂದಲ್ಲೇನ್ರಿ ಸಾಹೇಬ್ರ?" ಎಂದು ಅವನು ಎಲ್ಲರೆದುರು ನಕ್ಕನಂತೆ.

ಅದೇ ಲೆಕ್ಕ ಹಾಕಿಸಿದೆವು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಫುಟಿಂಗಿಗೆ ಕನಿಷ್ಠ ಕವರ್ (ರಾಡಿನ ಹೊರಗಿನ ಕಾಂಕ್ರೀಟ್ ಪದರ) 50 ಎಂಎಂ. ಎರಡೂ ಬದಿ ಕಳೆದರೆ 1400. 150ರಿಂದ ಭಾಗಿಸಿದರೆ 9.33; ಅಂತರ 150 ಮೀರಬಾರದು, ಅಂದರೆ ರಾಡುಗಳ ನಡುವೆ ಹತ್ತು ಸಂದು. ಹತ್ತು ಸಂದಿಗೆ ಹನ್ನೊಂದು ರಾಡ್, ಎರಡೂ ದಿಕ್ಕಿಗೆ 22. ನೇರ ತುಂಡು 1.4 ಮೀಟರ್, 12 ಮೀಟರ್ ರಾಡಿನಲ್ಲಿ ಎಂಟು ತುಂಡು, 80 ಸೆಂ.ಮೀ. ಉಳಿಕೆ. ಮೂರು ರಾಡ್ ಸಾಕು. ತೂಕಕ್ಕೆ, ಎಂಎಂ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 0.889 ಕೆ.ಜಿ.; ಒಟ್ಟು 27 ಕೆ.ಜಿ. ಚಿಲ್ಲರೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಇದೇ ಫುಟಿಂಗಿನ ಬೆಂಡಿಂಗ್ ಮೊಮೆಂಟನ್ನು (ಭಾರಕ್ಕೆ ಬಾಗಿಸುವ ಬಲದ ಲೆಕ್ಕ, ಇದಕ್ಕಿಂತ ಕಷ್ಟದ್ದು) ಪುಸ್ತಕ ಮುಟ್ಟದೆ ತೆಗೆದರು!

ಎಡವಿದ್ದು ಎಲ್ಲಿ? ಬಿ.ಇ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದಕ್ಕೂ ಎರಡು ಪ್ರಶ್ನೆ, ಒಂದು ಬರೆದರೆ ಆಯಿತು. ಡೀಟೇಲಿಂಗ್ (ರಾಡ್ ಎಲ್ಲಿ, ಎಷ್ಟು ಎಂದು ತೋರಿಸುವುದು) ಪ್ರತಿಸಲ ಬಿಟ್ಟ ಪ್ರಶ್ನೆಯಲ್ಲೇ ಉಳಿದಿದೆ. ಡ್ರಾಯಿಂಗ್ ಶೀಟುಗಳೋ, ಗಾಜಿನಡಿ ಬಲ್ಬ್ ಇಟ್ಟು ಸೀನಿಯರದ್ದನ್ನು ಜಿಟಿ (ಗ್ಲಾಸ್ ಟ್ರೇಸಿಂಗ್) ಹೊಡೆದದ್ದು. ಗೆರೆ ಎಳೆದರು, ಓದಲಿಲ್ಲ.

ಕೊಟ್ಟ ಸಲಹೆ: ಒಂದು ವರ್ಷ ಸೈಟ್ ಬಿಡಬೇಡಿ. ದಿನಾ ಸಂಜೆ ಡ್ರಾಯಿಂಗಿನಿಂದ ಒಂದೇ ಭಾಗ (ಫುಟಿಂಗ್, ಕಾಲಂ, ಬೀಮ್, ಸ್ಲ್ಯಾಬ್, ಮೆಟ್ಟಿಲು, ಇದೇ ಕ್ರಮ) ಆರಿಸಿ ಬಾರ್ ಬೆಂಡಿಂಗ್ ಶೆಡ್ಯೂಲ್ (ರಾಡುಗಳ ಸಂಖ್ಯೆ, ಉದ್ದ, ತೂಕದ ಪಟ್ಟಿ) ಬರೆಯಿರಿ. ಮರುದಿನ ಕಟ್ ಆದ ತುಂಡನ್ನು ಟೇಪ್ ಹಿಡಿದು ತಾಳೆ ನೋಡಿ. ತಾಳೆಯಾಗದಿದ್ದರೆ ನಕ್ಕವನನ್ನೇ ಕೇಳಿ, ಹೇಳಿಕೊಡುತ್ತಾನೆ. ಪರೀಕ್ಷೆಗೆ ಬೆಳಿಗ್ಗೆ ಎರಡು ತಾಸು. ತಂದೆಗೆ ಬೇರೆ ಕೆಲಸ ಹೇಳಿದೆವು: 371ಜೆ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ಶಾಲೆಯ ವ್ಯಾಸಂಗ ದಾಖಲೆ ಈಗಲೇ ಕೂಡಿಸಿ, ಅಧಿಸೂಚನೆ ಬಿದ್ದ ಮೇಲೆ ಅಲೆಯಬೇಡಿ.

ಆರು ವಾರದ ನಂತರ ನೋಟ್‌ಬುಕ್ ತಂದರು. ಮೆಟ್ಟಿಲಿನ ಪುಟ ಖಾಲಿ. ಮುಂದಿನ ವಾರಕ್ಕೆ ಅದನ್ನೇ ಕೊಟ್ಟಿದ್ದೇವೆ.